ಹಳೆ ಟ್ರ್ಯಾಕ್ಟರಿನಲ್ಲಿ ಗೇರ್ ಬೀಳುತ್ತಿಲ್ಲವೇ? ಗೇರ್ ಬಾಕ್ಸ್ ಬಿಚ್ಚುವ ಮೊದಲು ಈ ಕ್ರಮದಲ್ಲಿ ನೋಡಿ

ಗೇರ್ ಹಾಕುವಾಗ ಗರ್ರ್ ಅಂತ ಸದ್ದು ಬಂದರೆ ಹೆಚ್ಚಿನವರು ನೇರವಾಗಿ ಗೇರ್ ಬಾಕ್ಸಿಗೆ ಕೈ ಹಾಕುತ್ತಾರೆ. ಗೇರ್ ಬದಲಾಯಿಸುತ್ತಾರೆ, ಬೇರಿಂಗ್ ಬದಲಾಯಿಸುತ್ತಾರೆ. ಎಲ್ಲ ಕಟ್ಟಿ ಗಾಡಿ ಚಾಲೂ ಮಾಡಿದರೆ ಮತ್ತೆ ಅದೇ ಗರ್ರ್. ನಮ್ಮ ಸುತ್ತಮುತ್ತಲ ಊರುಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬಿಚ್ಚಿದವರಿಗೆ ಕೆಲಸ ಚೆನ್ನಾಗಿಯೇ ಗೊತ್ತಿರುತ್ತದೆ. ಶುರು ಮಾಡಿದ ಜಾಗ ತಪ್ಪಿರುತ್ತದೆ, ಅಷ್ಟೇ.

ಹೊರಗಿನಿಂದ ಒಳಕ್ಕೆ ಹೋಗಬೇಕು. ಮೊದಲು ಕ್ಲಚ್ ಪೆಡಲ್, ಆಮೇಲೆ ಎಣ್ಣೆ, ಆಮೇಲೆ ಲಿವರ್ ಮುಚ್ಚಳ. ಎಂಜಿನ್ನನ್ನು ಗೇರ್ ಬಾಕ್ಸಿನಿಂದ ಬೇರ್ಪಡಿಸಿ ಗಾಡಿ ಎರಡು ಭಾಗ ಮಾಡುವುದು ಎಲ್ಲಕ್ಕಿಂತ ಕೊನೆಗೆ.

ನಾನು ಹೇಳುತ್ತಿರುವುದು ಸ್ಲೈಡಿಂಗ್ ಮೆಶ್ ಗೇರ್ ಬಾಕ್ಸ್ ಇರುವ ಹಳೆ ಗಾಡಿಗಳ ಬಗ್ಗೆ. ನನ್ನ ಕೈ ಪಳಗಿರುವುದು ಮ್ಯಾಸಿ ಫರ್ಗ್ಯುಸನ್ 1035 ಮೇಲೆ: ಮುಂದಕ್ಕೆ 6 ಗೇರ್, ಹಿಂದಕ್ಕೆ 2, ಜೊತೆಗೆ ವೇಗದ ಮಟ್ಟ ಬದಲಿಸುವ ಹೈ–ಲೋ ಲಿವರ್. ಅದೇ ಕಾಲದ ಬೇರೆ ಗಾಡಿಗಳಲ್ಲಿ ಬೋಲ್ಟ್ ಇರುವ ಜಾಗ ಬೇರೆ ಇರಬಹುದು. ನೋಡುವ ಕ್ರಮ ಇದೇ.

## ಗೇರ್ ಹಾಕುವ ರೀತಿ ಸರಿ ಇದೆಯಾ?

ಸ್ಲೈಡಿಂಗ್ ಮೆಶ್ ಅಂದರೆ ಗೇರ್ ಚಕ್ರವೇ ಶಾಫ್ಟಿನ ಮೇಲೆ ಸರಿದು ಹೋಗಿ ಇನ್ನೊಂದು ಚಕ್ರದ ಹಲ್ಲಿನ ನಡುವೆ ಕೂರುತ್ತದೆ. ಕಾರಿನಲ್ಲಿ ಎರಡರ ವೇಗ ಹೊಂದಿಸಲು ಸಿಂಕ್ರೋ ರಿಂಗ್ ಇರುತ್ತದೆ. ಇಲ್ಲಿ ಅದಿಲ್ಲ. ಎರಡೂ ಚಕ್ರ ನಿಂತಿದ್ದರೆ ಸದ್ದಿಲ್ಲದೆ ಕೂರುತ್ತವೆ, ಒಂದು ತಿರುಗುತ್ತಿದ್ದರೂ ಹಲ್ಲಿಗೆ ಹಲ್ಲು ಬಡಿಯುತ್ತದೆ.

ಹಾಗಾಗಿ ಗಾಡಿ ಪೂರ್ತಿ ನಿಲ್ಲಿಸಿ. ರೇಸ್ ಇಳಿಸಿ. ಕ್ಲಚ್ ಪೂರ್ತಿ ತುಳಿಯಿರಿ. ಮನಸ್ಸಿನಲ್ಲೇ 1ರಿಂದ 4ರವರೆಗೆ ಎಣಿಸಿ, ಆಮೇಲೆ ಗೇರ್ ಹಾಕಿ. ಎರಡು ದಿನ ಹೀಗೆ ಓಡಿಸಿ ನೋಡಿ. ಸದ್ದು ನಿಂತರೆ ಗಾಡಿಯಲ್ಲಿ ಏನೂ ಕೆಟ್ಟಿಲ್ಲ ಅಂತಲೇ ಅರ್ಥ, ಮುಂದೆ ಓದುವ ಅಗತ್ಯವೂ ಇಲ್ಲ.

ಇನ್ನೊಂದು ಮಾತು. ಲೋಡ್ ಟ್ರೇಲರ್ ಕಟ್ಟಿಕೊಂಡು ಇಳಿಜಾರಿನಲ್ಲಿ ಗೇರ್ ಬದಲಿಸಬೇಡಿ, ನ್ಯೂಟ್ರಲ್ ಮಾಡಿ ಬಿಡಲೇಬೇಡಿ. ಈ ಗೇರ್ ಬಾಕ್ಸಿನಲ್ಲಿ ಒಮ್ಮೆ ಗೇರ್ ಬಿಟ್ಟರೆ ಓಡುವ ಗಾಡಿಗೆ ಅದು ಮತ್ತೆ ಬೀಳುವುದಿಲ್ಲ. ಆಮೇಲೆ ಉಳಿಯುವುದು ಬ್ರೇಕ್ ಒಂದೇ, ಹಿಂದಿನಿಂದ ಟ್ರೇಲರ್ ತಳ್ಳುತ್ತಿರುತ್ತದೆ. ಇಳಿಜಾರು ಶುರುವಾಗುವ ಮೊದಲೇ ನಿಲ್ಲಿಸಿ, ಸಣ್ಣ ಗೇರ್ ಹಾಕಿಕೊಂಡು ಇಳಿಯಿರಿ.

## ಬೇಕಾಗುವ ಸಾಮಾನು

ರಿಂಗ್ ಪಾನಾ ಮತ್ತು ಫಿಕ್ಸ್ ಪಾನಾ ಸೆಟ್, ಕಟಿಂಗ್ ಪ್ಲೇಯರ್, ದೊಡ್ಡ ಸ್ಕ್ರೂ ಡ್ರೈವರ್, ಸುತ್ತಿಗೆ, ಅಳತೆ ಟೇಪು, ಟಾರ್ಚು, ಗ್ರೀಸ್ ಗನ್ನು, ಎಣ್ಣೆ ಹಿಡಿಯಲು ಅಗಲವಾದ ಟಬ್ಬು, ವೇಸ್ಟ್ ಬಟ್ಟೆ. ಚಕ್ರಕ್ಕೆ ಕೊಡಲು ನಾಲ್ಕು ದಪ್ಪ ಕಲ್ಲು ಅಥವಾ ಮರದ ತುಂಡು. ಪಕ್ಕದಲ್ಲಿ ಹೇಳಿದ್ದನ್ನಷ್ಟೇ ಮಾಡುವ ಒಬ್ಬ ಜೊತೆಗಾರ ಇರಲಿ. ಗಾಡಿಯ ಮ್ಯಾನುಯಲ್ ಸಿಕ್ಕರೆ ಇನ್ನೂ ಒಳ್ಳೆಯದು, ಪೆಡಲ್ ಅಳತೆ ಮತ್ತು ಎಣ್ಣೆ ಯಾವುದು ಅನ್ನುವುದು ಅದರಲ್ಲೇ ಇರುತ್ತದೆ.

## ಹಂತ 1: ಗಾಡಿಯನ್ನು ಸರಿಯಾಗಿ ನಿಲ್ಲಿಸಿ

ಸಮನಾದ ಗಟ್ಟಿ ನೆಲ ಬೇಕು. ಹಿಂದಿನ ಕಲ್ಟಿವೇಟರ್ ಅಥವಾ ರೋಟವೇಟರ್ ಬಿಚ್ಚಿಡಿ, ಇಲ್ಲವಾದರೆ ನೆಲಕ್ಕೆ ಇಳಿಸಿ. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಎರಡೂ ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಡಿ. ಗಾಡಿ ಕೆಳಗೆ ಕೈ ಹಾಕುವ ಕೆಲಸವಿದ್ದರೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. ಟವೆಲ್ಲು, ಸಡಿಲ ಲುಂಗಿ ಬೇಡ.

ಕೀ ಕೆಲಸ ಮಾಡದ ಹಳೆ ಗಾಡಿಗಳಲ್ಲಿ ನೆಲದ ಮೇಲೆ ನಿಂತು ಸ್ಟಾರ್ಟರ್ ಮೋಟರಿಗೆ ಸ್ಕ್ರೂ ಡ್ರೈವರ್ ಮುಟ್ಟಿಸಿ ಚಾಲೂ ಮಾಡುವ ಅಭ್ಯಾಸವಿದೆ. ಗೇರ್ ರಿಪೇರಿ ಮಾಡುವ ಗಾಡಿಯಲ್ಲಿ ಇದನ್ನು ಮಾಡಲೇಬೇಡಿ. ಲಿವರ್ ನ್ಯೂಟ್ರಲ್‌ನಲ್ಲಿ ಕಂಡರೂ ಒಳಗೆ ಗೇರ್ ಬಿದ್ದಿರಬಹುದು. ಎಂಜಿನ್ ಹಿಡಿದ ಕೂಡಲೇ ದೊಡ್ಡ ಚಕ್ರ ಮುಂದೆ ಬರುತ್ತದೆ, ನೀವು ನಿಂತಿರುವುದು ಸರಿಯಾಗಿ ಅದರ ಮುಂದೆಯೇ.

## ಹಂತ 2: ಎಂಜಿನ್ ಬಂದ್ ಇದ್ದಾಗ ಒಂದು ಪರೀಕ್ಷೆ, ಚಾಲೂ ಇದ್ದಾಗ ಒಂದು

ದೋಷ ಕ್ಲಚ್ಚಿನಲ್ಲೋ ಗೇರ್ ಬಾಕ್ಸಿನಲ್ಲೋ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ದಯವಿಟ್ಟು ಇದನ್ನು ಬಿಡಬೇಡಿ.

ಎಂಜಿನ್ ಬಂದ್ ಇದ್ದಾಗ: ಕ್ಲಚ್ ತುಳಿದು ಒಂದೊಂದೇ ಗೇರ್ ಹಾಕಿ, ತೆಗೆಯಿರಿ. ಹೈನಲ್ಲಿ ಒಂದು ಸುತ್ತು, ಲೋನಲ್ಲಿ ಒಂದು ಸುತ್ತು. ಕೆಲವು ಗೇರ್ ಅರ್ಧಕ್ಕೆ ನಿಲ್ಲಬಹುದು, ಗಾಬರಿ ಬೇಡ. ಹಲ್ಲಿನ ತುದಿಗೆ ಹಲ್ಲಿನ ತುದಿ ಕೂತಿರುತ್ತದೆ. ಹ್ಯಾಂಡ್ ಬ್ರೇಕ್ ಬಿಡಿ, ಕಲ್ಲನ್ನು ಚಕ್ರದಿಂದ ಒಂದು ಗೇಣು ದೂರ ಇಡಿ. ನೀವು ಲಿವರನ್ನು ಹಗುರವಾಗಿ ಒತ್ತಿಕೊಂಡಿರಿ, ಜೊತೆಗಾರ ಹಿಂದಿನ ಟೈರನ್ನು ಸ್ವಲ್ಪ ಆಚೀಚೆ ಅಲ್ಲಾಡಿಸಲಿ. ಟಕ್ ಅಂತ ಬೀಳುತ್ತದೆ.

ಎಂಜಿನ್ ಚಾಲೂ ಇದ್ದಾಗ: ಬಯಲಿನಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಸೀಟಿನ ಮೇಲೆ ಕೂತು ಮಾಡಿ. ರೇಸ್ ಕಡಿಮೆ ಇರಲಿ. ಕ್ಲಚ್ ಪೂರ್ತಿ ತುಳಿದು 5 ಎಣಿಸಿ ರಿವರ್ಸ್ ಹಾಕಿ. ಸದ್ದು ಬಂದರೆ ಮತ್ತೆ ನ್ಯೂಟ್ರಲ್ ಮಾಡಿ, ಈ ಸಲ ಕ್ಲಚ್ ತುಳಿದು 15 ಎಣಿಸಿ ಹಾಕಿ.

ಫಲಿತಾಂಶ ಹೀಗೆ ಓದಿಕೊಳ್ಳಿ:

- ಬಂದ್ ಇದ್ದಾಗ ಎಲ್ಲ ಗೇರ್ ಸಲೀಸು, ಚಾಲೂ ಇದ್ದಾಗ ಗರ್ರ್: ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಂದರೆ ತುಳಿದರೂ ಎಂಜಿನ್ ಗೇರ್ ಬಾಕ್ಸನ್ನು ತಿರುಗಿಸುತ್ತಲೇ ಇದೆ. ಹಂತ 3ಕ್ಕೆ ಹೋಗಿ. ಗೇರ್ ಬಾಕ್ಸ್ ಮುಟ್ಟಬೇಡಿ.
- 5 ಎಣಿಸಿದಾಗ ಸದ್ದು, 15 ಎಣಿಸಿದಾಗ ಇಲ್ಲ: ಕ್ಲಚ್ ಸ್ವಲ್ಪವೇ ಎಳೆಯುತ್ತಿದೆ. ಹೆಚ್ಚಾಗಿ ಪೆಡಲ್ ಹೊಂದಿಸಿದರೆ ಸಾಕಾಗುತ್ತದೆ.
- ಬಂದ್ ಇದ್ದಾಗಲೂ ಒಂದೋ ಎರಡೋ ಗೇರ್ ಬೀಳುವುದೇ ಇಲ್ಲ: ಲಿವರ್ ಅಥವಾ ಶಿಫ್ಟರ್ ಫೋರ್ಕ್ (ಗೇರ್ ಚಕ್ರವನ್ನು ಹಿಡಿದು ಸರಿಸುವ ಕವಲು) ಕಡೆ ದೋಷ. ಎಣ್ಣೆ ನೋಡಿಕೊಂಡು ಹಂತ 6.
- ಗೇರ್ ಸರಿಯಾಗಿ ಬೀಳುತ್ತದೆ, ಓಡುವಾಗ ತಾನೇ ಕಳಚಿಕೊಳ್ಳುತ್ತದೆ: ಹಂತ 7.

ಸದ್ದಿನ ಕಡೆಗೂ ಕಿವಿ ಕೊಡಿ. ಪೆಡಲ್ ಮೇಲೆ ಕಾಲಿಟ್ಟ ಕೂಡಲೇ ಕಿರ್ರ್ ಅಂತ ಶುರುವಾದರೆ ರಿಲೀಸ್ ಬೇರಿಂಗ್ (ಪೆಡಲ್ ತುಳಿದಾಗ ಕ್ಲಚ್ಚನ್ನು ಒತ್ತಿ ಬಿಡಿಸುವ ಬೇರಿಂಗ್) ಮುಗಿದಿದೆ. ಪೆಡಲ್ ಬಿಟ್ಟಾಗ ನ್ಯೂಟ್ರಲ್‌ನಲ್ಲಿ ಗುಂಯ್ ಅನ್ನುತ್ತಿದ್ದು, ತುಳಿದಾಗ ನಿಂತರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗ್ ಮೇಲೆ ಅನುಮಾನ ಪಡಬೇಕು.

## ಹಂತ 3: ಪೆಡಲ್, ಪಿನ್ನು, ಪ್ಲೇ

ಗೇರ್ ಬೀಳುತ್ತಿಲ್ಲ ಅಂತ ನನ್ನ ಹತ್ತಿರ ಬಂದ ಗಾಡಿಗಳಲ್ಲಿ ಜಾಸ್ತಿ ಇಲ್ಲೇ ಸರಿಯಾಗಿವೆ.

ಪೆಡಲನ್ನು ಕೈಯಿಂದ ಒತ್ತಿ. ಮೊದಲು ಸ್ವಲ್ಪ ದೂರ ಸುಮ್ನೆ ಹಗುರವಾಗಿ ಹೋಗುತ್ತದೆ, ಆಮೇಲೆ ಭಾರ ಸಿಗುತ್ತದೆ. ಆ ಹಗುರವಾದ ದೂರವೇ ಪ್ಲೇ. ಪೆಡಲಿನ ಪಕ್ಕ ಟೇಪು ಹಿಡಿದು ಅಳೆಯಿರಿ. ಸಾಮಾನ್ಯವಾಗಿ 20ರಿಂದ 25 ಮಿಲಿಮೀಟರ್, ಅಂದರೆ ಹೆಚ್ಚು ಕಡಿಮೆ ಒಂದು ಇಂಚು ಇರಬೇಕು. ನಿಮ್ಮ ಮ್ಯಾನುಯಲ್ ಬೇರೆ ಅಳತೆ ಹೇಳಿದರೆ ಅದನ್ನೇ ಹಿಡಿಯಿರಿ.

ಪ್ಲೇ ಜಾಸ್ತಿ ಇದ್ದರೆ ಪೆಡಲ್ ತಳ ಮುಟ್ಟಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಗರ್ರ್ ಅನ್ನುತ್ತದೆ. ಪ್ಲೇ ಇಲ್ಲವೇ ಇಲ್ಲದಿದ್ದರೆ ಕ್ಲಚ್ ಜಾರುತ್ತದೆ, ಪ್ಲೇಟ್ ಸುಡುತ್ತದೆ, ರಿಲೀಸ್ ಬೇರಿಂಗ್ ಇಡೀ ದಿನ ತಿರುಗಿ ಹಾಳಾಗುತ್ತದೆ. ಗೇರ್ ಸಲೀಸಾಗಿ ಬೀಳಲಿ ಅಂತ ಪ್ಲೇ ಪೂರ್ತಿ ತೆಗೆದುಬಿಡುವುದು ತುಂಬ ಜನ ಮಾಡುವ ತಪ್ಪು. ಒಂದು ವಾರ ಬೆಣ್ಣೆಯಂತೆ ಗೇರ್ ಬೀಳುತ್ತದೆ, ಆಮೇಲೆ ಹೊಸ ಕ್ಲಚ್ ಪ್ಲೇಟಿನ ಖರ್ಚು.

ಇಲ್ಲಿ ಸ್ವಲ್ಪ ಯೋಚಿಸಿ. ಕ್ಲಚ್ ಪ್ಲೇಟ್ ಸವೆದಷ್ಟೂ ಪ್ಲೇ ಕಡಿಮೆಯಾಗುತ್ತಾ ಬರುತ್ತದೆ, ಹೆಚ್ಚಾಗುವುದಿಲ್ಲ. ಹಾಗಿದ್ದರೆ ಪ್ಲೇ ಹೆಚ್ಚಾಗಿರುವುದು ಯಾಕೆ? ನಡುವೆ ಎಲ್ಲೋ ಏನೋ ಸವೆದಿದೆ, ಬಾಗಿದೆ, ಇಲ್ಲವೇ ಯಾರೋ ನಟ್ಟು ತಿರುಗಿಸಿದ್ದಾರೆ. ಅದನ್ನು ಹುಡುಕದೆ ಅಡ್ಜಸ್ಟ್ ಮಾಡಿದರೆ ಮತ್ತೆ ಸಡಿಲವಾಗುತ್ತದೆ.

ಹುಡುಕುವ ರೀತಿ ಹೇಳುತ್ತೇನೆ. ಜೊತೆಗಾರ ಪೆಡಲನ್ನು ನಿಧಾನ ಒತ್ತಿ ಬಿಡುತ್ತಿರಲಿ. ನೀವು ಟಾರ್ಚು ಹಿಡಿದು ಪೆಡಲಿನಿಂದ ಕ್ಲಚ್ ಶಾಫ್ಟಿನವರೆಗೆ ರಾಡ್ ಹೋಗುವ ದಾರಿ ನೋಡಿ. ಪೆಡಲ್ ಚಲಿಸಿದರೂ ಮುಂದಿನ ಭಾಗ ಎಲ್ಲಿ ತಡವಾಗಿ ಚಲಿಸುತ್ತದೋ ಅಲ್ಲೇ ಸವೆತ.

ಭದ್ರಾ ನಾಲೆಗೆ ನೀರು ಬಿಟ್ಟ ವಾರ ಪಕ್ಕದ ಊರಿನ ಒಂದು 1035 ಹೀಗೇ ಬಂತು. ಗೇರ್ ಬಾಕ್ಸ್ ಇಳಿಸಬೇಕು ಅಂತ ಒಬ್ಬರು ಹೇಳಿ ಕಳಿಸಿದ್ದರಂತೆ. ಗದ್ದೆ ಕಲಸುವ ಕೆಲಸ ನಿಂತುಹೋಗಿ ಆ ರೈತರು ತಲೆ ಮೇಲೆ ಕೈ ಹೊತ್ತಿದ್ದರು. ಕ್ಲಚ್ ರಾಡಿನ ತುದಿಯ ಪಿನ್ನು ಎಳೆದು ತೆಗೆದು, ಬಟ್ಟೆಯಲ್ಲಿ ಒರೆಸಿ ಅಂಗೈ ಮೇಲೆ ಇಟ್ಟೆ. ನಡುವೆ ಕಬ್ಬಿನ ಗಿಣ್ಣಿನ ಪಕ್ಕ ತೆಳ್ಳಗಾದ ಹಾಗೆ ಸವೆದಿತ್ತು. ರಾಡಿನ ತೂತು ಗುಂಡಗಿರುವ ಬದಲು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಹೊಸ ಪಿನ್ನು ಹಾಕಿ, ತೂತಿಗೆ ವೆಲ್ಡ್ ತುಂಬಿಸಿ ಮತ್ತೆ ಕೊರೆಸಿದ ಮೇಲೆ ಅದೇ ಸಂಜೆ ಗಾಡಿ ಗದ್ದೆಗೆ ಇಳಿಯಿತು.

ಪಿನ್ನು, ಪೆಡಲ್ ಬುಷ್ ಸರಿ ಮಾಡಿದ ಮೇಲೆ ಅಡ್ಜಸ್ಟ್‌ಮೆಂಟ್:

1. ರಾಡಿನ ಲಾಕ್ ನಟ್ಟು ಸಡಿಲ ಮಾಡಿ.
2. ರಾಡ್ ಅಥವಾ ಅದರ ತುದಿಯ ಕೊಂಡಿಯನ್ನು ಅರ್ಧರ್ಧ ಸುತ್ತು ತಿರುಗಿಸುತ್ತಾ ಪ್ರತಿ ಸಲವೂ ಪ್ಲೇ ಅಳೆಯಿರಿ.
3. ಅಳತೆ ಸಿಕ್ಕ ಮೇಲೆ ಲಾಕ್ ನಟ್ಟು ಬಿಗಿದು ಮತ್ತೊಮ್ಮೆ ಅಳೆಯಿರಿ. ನಟ್ಟು ಬಿಗಿಯುವಾಗ ರಾಡ್ ತಾನೇ ತಿರುಗಿ ಅಳತೆ ತಪ್ಪುವುದುಂಟು.
4. ಸ್ಪ್ಲಿಟ್ ಪಿನ್ನು ಹೊಸದು ಹಾಕಿ. ಹಳೆ ತಂತಿ ಸುತ್ತಬೇಡಿ.
5. ಪೆಡಲ್ ಶಾಫ್ಟಿಗೆ ಗ್ರೀಸ್ ಹೊಡೆಯಿರಿ.

ಡಬಲ್ ಕ್ಲಚ್ ಇರುವ ಗಾಡಿಯಲ್ಲಿ ಪೆಡಲ್ ಅರ್ಧ ತುಳಿದಾಗ ಗೇರ್ ಬಾಕ್ಸ್ ಕಡೆ ಬಿಡುತ್ತದೆ, ಪೂರ್ತಿ ತುಳಿದಾಗ ಪಿಟಿಓ (ರೋಟವೇಟರಿನಂಥವನ್ನು ತಿರುಗಿಸುವ ಹಿಂದಿನ ಶಾಫ್ಟ್) ಬಿಡುತ್ತದೆ. ಹಾಗಾಗಿ ಪ್ಲೇ ಹೆಚ್ಚಾಗುತ್ತಿದೆ ಅನ್ನುವುದು ಮೊದಲು ಪಿಟಿಓದಲ್ಲಿ ಕಾಣುತ್ತದೆ. ಕ್ಲಚ್ ಪೂರ್ತಿ ತುಳಿದರೂ ಪಿಟಿಓ ನಿಲ್ಲುತ್ತಿಲ್ಲವಾದರೆ ಪೆಡಲ್ ನೋಡುವ ಕಾಲ ಬಂತು ಅಂತ ತಿಳಿಯಿರಿ.

ಪಾದದ ಕೆಳಗಿನ ರಬ್ಬರ್ ಮ್ಯಾಟು, ಒಣಗಿದ ಕೆಸರಿನ ಗಡ್ಡೆ ಪೆಡಲನ್ನು ಪೂರ್ತಿ ಇಳಿಯದಂತೆ ತಡೆಯುತ್ತವೆ. ಚಿಕ್ಕ ವಿಷಯ, ಆದರೂ ನೋಡಿ.

## ಹಂತ 4: ಮಳೆಗಾಲದಲ್ಲಿ ನಿಂತ ಗಾಡಿಯ ಕ್ಲಚ್ ಅಂಟಿಕೊಂಡಿದ್ದರೆ

ಎರಡು ಮೂರು ತಿಂಗಳು ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ತೇವಕ್ಕೆ ತುಕ್ಕು ಹಿಡಿದು ಕ್ಲಚ್ ಪ್ಲೇಟ್ ಫ್ಲೈವೀಲಿಗೆ (ಎಂಜಿನ್ ಹಿಂದಿನ ಭಾರದ ಚಕ್ರಕ್ಕೆ) ಕಚ್ಚಿಕೊಳ್ಳುತ್ತದೆ. ನಿಲ್ಲಿಸುವಾಗ ಸರಿಯಿದ್ದದ್ದು ಈಗ ಒಂದು ಗೇರೂ ಬೀಳದಿದ್ದರೆ, ಪೆಡಲ್ ಪ್ಲೇ ಸರಿ ಇದ್ದರೆ, ಮೊದಲು ಈ ಅನುಮಾನ ಪಡಿ.

ನ್ಯೂಟ್ರಲ್‌ನಲ್ಲಿ ಎಂಜಿನ್ ಅರ್ಧ ಗಂಟೆ ಓಡಿಸಿ ಬಿಸಿ ಮಾಡಿ, ಬಂದ್ ಮಾಡಿ. ಕ್ಲಚ್ ಪೂರ್ತಿ ಒತ್ತಿ, ಪೆಡಲಿಗೂ ಸೀಟಿನ ಫ್ರೇಮಿಗೂ ನಡುವೆ ಮರದ ತುಂಡು ಕೊಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮರದ ತುಂಡು ತೆಗೆದು, ಹಂತ 2ರ ಪರೀಕ್ಷೆ ಮತ್ತೆ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಬಿಡುತ್ತದೆ. ಬಿಡದಿದ್ದರೆ ಅನುಭವವಿರುವವರನ್ನು ಕರೆಯಿರಿ. ಗೇರಿನಲ್ಲಿಟ್ಟು ಸ್ಟಾರ್ಟರ್ ಹೊಡೆದು ಕಿತ್ತು ಬಿಡಿಸುವ ಉಪಾಯವನ್ನು ಮನೆಯಂಗಳದಲ್ಲಿ ಮಾಡಲು ಹೋಗಬೇಡಿ. ಗಾಡಿ ಒಮ್ಮೆಲೇ ಹಾರುತ್ತದೆ, ಗೋಡೆ ನೋಡುವುದಿಲ್ಲ, ಮಕ್ಕಳನ್ನೂ ನೋಡುವುದಿಲ್ಲ.

## ಹಂತ 5: ಎಣ್ಣೆ ಏನು ಹೇಳುತ್ತಿದೆ

ಗೇರ್ ಬಾಕ್ಸಿನ ಡಿಪ್ ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ನೋಡಿ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ. ಕೇಜ್ ವೀಲ್ ಹಾಕಿ ಗದ್ದೆ ಕಲಸುವ ಗಾಡಿಗಳಲ್ಲಿ ಇದು ಸಾಮಾನ್ಯ. ಎಣ್ಣೆ ಬದಲಿಸಿದರೆ ಸಾಲದು, ನೀರು ಬಂದ ದಾರಿಯನ್ನೂ ಮುಚ್ಚಬೇಕು: ಗೇರ್ ಲಿವರಿನ ಬುಡದ ಹರಿದ ರಬ್ಬರ್, ಆಕ್ಸಲ್ ಸೀಲು, ಗಾಳಿ ಆಡುವ ತೂತಿನ ಬ್ರೀದರ್.

ಗಾಡಿ ಸ್ವಲ್ಪ ಓಡಿ ಎಣ್ಣೆ ಬೆಚ್ಚಗಿರುವಾಗ ಇಳಿಸಿ. ಡ್ರೈನ್ ಪ್ಲಗ್ಗಿನ ತುದಿಗೆ ಅಂಟಿದ್ದನ್ನು ಬೆರಳಲ್ಲಿ ತೆಗೆದು ಉಜ್ಜಿ ನೋಡಿ. ಬೂದು ಬಣ್ಣದ ನುಣ್ಣಗಿನ ಪೇಸ್ಟ್ ಇದ್ದರೆ ಅದು ಸಹಜ ಸವೆತ. ಉಗುರಿಗೆ ಸಿಗುವ ಚೂರು ಬಂದರೆ ಹಲ್ಲೋ ಬೇರಿಂಗೋ ಒಡೆದಿದೆ. ಹಿತ್ತಾಳೆ ಬಣ್ಣದ ಚೂರು ಬುಷ್ಷಿನದು.

ಯಾವ ಎಣ್ಣೆ ಅನ್ನುವುದನ್ನು ಮ್ಯಾನುಯಲ್ ನೋಡಿಯೇ ಹಾಕಿ. ಹಳೆ ಮ್ಯಾಸಿಯಂಥ ಗಾಡಿಗಳಲ್ಲಿ ಗೇರಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ. ಸದ್ದು ಕಡಿಮೆಯಾಗಲಿ ಅಂತ ದಪ್ಪ ಎಣ್ಣೆ ಸುರಿದರೆ ಲಿಫ್ಟ್ ನಿಧಾನವಾಗುತ್ತದೆ, ಚಳಿಯ ಬೆಳಿಗ್ಗೆ ಗೇರ್ ಹಾಕುವುದೂ ಗಟ್ಟಿಯಾಗುತ್ತದೆ.

## ಹಂತ 6: ಲಿವರ್ ಮುಚ್ಚಳ ಎತ್ತಿ ನೋಡುವುದು

ಲಿವರ್ ಗಾಳಿಯಲ್ಲಿ ಅಲ್ಲಾಡಿದ ಹಾಗೆ ಆಡುತ್ತಿದೆ, ಗೇರ್ ಮಾತ್ರ ಬದಲಾಗುತ್ತಿಲ್ಲ. ಅಥವಾ ಲಿವರ್ ಬಂಡೆಯಂತೆ ನಿಂತಿದೆ, ಗಾಡಿ ತಳ್ಳಿದರೂ ಹಂದುತ್ತಿಲ್ಲ. ಸಾಮಾನ್ಯವಾಗಿ ಕಾರಣ ಈ ಎರಡರಲ್ಲಿ ಒಂದು: ಲಿವರಿನ ತುದಿ ತಾನು ಕೂರುವ ಖಾಚಿನಿಂದ ಹಾರಿದೆ, ಇಲ್ಲವೇ ಎರಡು ಗೇರ್ ಒಟ್ಟಿಗೆ ಬಿದ್ದಿವೆ. ಸುತ್ತಿಗೆಯಿಂದ ಲಿವರಿಗೆ ಹೊಡೆಯಬೇಡಿ, ಫೋರ್ಕ್ ಬಾಗುತ್ತದೆ.

ಮುಚ್ಚಳದ ಸುತ್ತ ಮೊದಲು ಡೀಸೆಲ್ ಬ್ರಷ್ಷಿನಿಂದ ತೊಳೆದು ಒರೆಸಿ. ಒಂದು ಚಿಟಿಕೆ ಮರಳು ಒಳಗೆ ಬಿದ್ದರೂ ಬೇರಿಂಗಿಗೆ ಕೇಡು. ಮೇಲಿನ ಜೇಬಿನಲ್ಲಿರುವ ಮೊಬೈಲು, ಪೆನ್ನು ತೆಗೆದಿಡಿ. ಬೋಲ್ಟ್ ಬಿಚ್ಚಿ ಮುಚ್ಚಳವನ್ನು ನೇರವಾಗಿ ಮೇಲಕ್ಕೆ ಎತ್ತಿ. ಕೆಲವು ಗಾಡಿಯಲ್ಲಿ ಕಾಲಿಡುವ ತಗಡನ್ನೂ ತೆಗೆಯಬೇಕಾಗುತ್ತದೆ.

ಒಳಗೆ ಫೋರ್ಕ್ ಹಿಡಿದಿರುವ ರಾಡುಗಳು ಪಕ್ಕಪಕ್ಕ ಕಾಣುತ್ತವೆ. ಪ್ರತಿಯೊಂದರಲ್ಲೂ ಲಿವರಿನ ತುದಿ ಕೂರುವ ಒಂದು ಖಾಚು ಇರುತ್ತದೆ. ನ್ಯೂಟ್ರಲ್‌ನಲ್ಲಿ ಎಲ್ಲ ಖಾಚುಗಳೂ ಒಂದೇ ಸಾಲಿಗೆ ಬರಬೇಕು. ಒಂದು ಮಾತ್ರ ಅರ್ಧ ಇಂಚು ಮುಂದೋ ಹಿಂದೋ ಹೋಗಿದ್ದರೆ ಅದೇ ಕಳ್ಳ. ದೊಡ್ಡ ಸ್ಕ್ರೂ ಡ್ರೈವರ್ ಕೊಟ್ಟು ಮೆಲ್ಲಗೆ ಮೀಟಿ. ರಾಡನ್ನು ಜಾಗದಲ್ಲಿ ಹಿಡಿದಿಡುವ ಚಿಕ್ಕ ಉಕ್ಕಿನ ಗುಂಡು ತನ್ನ ಗುಳಿಗೆ ಬಿದ್ದಾಗ ಟಕ್ ಅಂತ ಕೈಗೇ ಗೊತ್ತಾಗುತ್ತದೆ.

ಸಾಲಿಗೆ ಬಂತು ಅಂತ ಕೂಡಲೇ ಮುಚ್ಚಬೇಡಿ, ಹಾರಿದ್ದು ಯಾಕೆ ಅಂತ ನೋಡಿ. ಲಿವರಿನ ತುದಿ ಸವೆದು ಸಣ್ಣಗಾಗಿದೆಯಾ? ಖಾಚಿನ ಅಂಚು ಅಗಲವಾಗಿದೆಯಾ? ಲಿವರ್ ತಿರುಗದಂತೆ ಹಿಡಿಯುವ ಪಿನ್ನು ತುಂಡಾಗಿದೆಯಾ? ಫೋರ್ಕಿನ ಸ್ಕ್ರೂ ಸಡಿಲವಾಗಿದೆಯಾ? ಆ ಸ್ಕ್ರೂಗೆ ಲಾಕ್ ತಂತಿ ಇದ್ದಿದ್ದರೆ ಹೊಸ ತಂತಿ ಕಟ್ಟಲೇಬೇಕು. ತಂತಿ ಬಿಟ್ಟು ಕಟ್ಟಿದ ಗಾಡಿಗಳು ಮತ್ತೆ ಬಂದೇ ಬರುತ್ತವೆ.

ಮುಚ್ಚುವಾಗ ಲಿವರ್ ನ್ಯೂಟ್ರಲ್‌ನಲ್ಲಿರಲಿ, ಹೊಸ ಪ್ಯಾಕಿಂಗ್ ಹಾಕಿ. ತುದಿ ಖಾಚಿನೊಳಗೆ ಕೂತಿತಾ ಅಂತ ಬೋಲ್ಟ್ ಬಿಗಿಯುವ ಮೊದಲೇ ಎಲ್ಲ ಗೇರ್ ಹಾಕಿ ನೋಡಿ.

## ಹಂತ 7: ಓಡುವಾಗ ಗೇರ್ ಕಳಚಿಕೊಳ್ಳುತ್ತಿದ್ದರೆ

ಗೇರನ್ನು ಅದರ ಜಾಗದಲ್ಲಿ ಹಿಡಿದಿಡುವುದು ಒಂದು ಚಿಕ್ಕ ಉಕ್ಕಿನ ಗುಂಡು ಮತ್ತು ಸ್ಪ್ರಿಂಗ್. ಸ್ಪ್ರಿಂಗ್ ಸೋತರೆ ಗೇರ್ ಜಾರುತ್ತದೆ. ಕೆಲವು ಗಾಡಿಯಲ್ಲಿ ಇವು ಹೊರಗಿನ ಬೋಲ್ಟ್ ಬಿಚ್ಚಿದರೆ ಸಿಗುತ್ತವೆ, ಕೆಲವದರಲ್ಲಿ ಮುಚ್ಚಳ ಎತ್ತಿದ ಮೇಲೆ. ಬಿಚ್ಚುವಾಗ ಮೇಲೆ ಅಂಗೈ ಇಟ್ಟುಕೊಳ್ಳಿ, ಗುಂಡು ಹಾರಿ ಗೇರ್ ಬಾಕ್ಸಿನೊಳಗೆ ಬಿದ್ದರೆ ಇಡೀ ದಿನ ಹೋಯಿತು. ಹಾಕುವಾಗ ಗುಂಡಿಗೆ ಸ್ವಲ್ಪ ಗ್ರೀಸ್ ಹಚ್ಚಿದರೆ ಜಾರುವುದಿಲ್ಲ.

ಎಲ್ಲ ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿ ಎತ್ತರ ಹೋಲಿಸಿ. ಒಂದು ಗಿಡ್ಡವಾಗಿದ್ದರೂ ಎಲ್ಲವನ್ನೂ ಹೊಸದು ಹಾಕಿ. ಸ್ಪ್ರಿಂಗ್ ಎಳೆದು ಉದ್ದ ಮಾಡುವುದು, ಕೆಳಗೆ ವಾಷರ್ ಕೊಡುವುದು ಹತ್ತು ದಿನದ ಮದ್ದು.

ಸ್ಪ್ರಿಂಗ್ ಹೊಸದಾದರೂ ಗೇರ್ ಜಾರಿದರೆ ರಾಡಿನ ಗುಳಿ, ಫೋರ್ಕಿನ ಎರಡು ಕಾಲು, ಗೇರಿನ ಹಲ್ಲಿನ ತುದಿ ಈ ಕ್ರಮದಲ್ಲಿ ನೋಡಬೇಕು. ಹಲ್ಲು ತುದಿಯಲ್ಲಿ ಚೂಪಾಗಿ ಸವೆದಿದ್ದರೆ ಲೋಡ್ ಬಿದ್ದಾಗ ತಾನೇ ಹೊರಗೆ ತಳ್ಳುತ್ತದೆ. ಆಗ ಮಾತ್ರ ಗೇರ್ ಬಾಕ್ಸ್ ಪೂರ್ತಿ ಬಿಚ್ಚುವ ಮಾತು. ಲಿವರಿಗೆ ರಬ್ಬರ್ ಟ್ಯೂಬ್ ಕಟ್ಟಿ ಓಡಿಸಬೇಡಿ. ತುರ್ತಿಗೆ ನ್ಯೂಟ್ರಲ್ ಮಾಡಲು ಆಗುವುದಿಲ್ಲ.

## ಹಂತ 8: ಗಾಡಿ ಎರಡು ಭಾಗ ಮಾಡಲೇಬೇಕಾದಾಗ

ಇದು ಗ್ಯಾರೇಜಿನ ಕೆಲಸ. ಸರಿಯಾದ ಸ್ಟ್ಯಾಂಡು, ಜ್ಯಾಕು ಇಲ್ಲದೆ ಮನೆಯಲ್ಲಿ ಮಾಡಬೇಡಿ. ಆದರೆ ಪಕ್ಕದಲ್ಲಿ ನಿಂತು ಕೆಲವನ್ನು ಕೇಳಿ ಮಾಡಿಸಿಕೊಳ್ಳಿ.

ಬೋಲ್ಟ್ ಬಿಚ್ಚುವ ಮೊದಲು ಮುಂದಿನ ಆಕ್ಸಲ್ಲಿನ ಎರಡೂ ಬದಿಗೆ ಮರದ ಬೆಣೆ ಹೊಡೆದಿರಬೇಕು. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗುತ್ತದೆ, ಬೆಣೆ ಇಲ್ಲದಿದ್ದರೆ ಬೇರ್ಪಟ್ಟ ಎಂಜಿನ್ ಪಕ್ಕಕ್ಕೆ ವಾಲುತ್ತದೆ. ಬೆಣೆ ಕಾಣದಿದ್ದರೆ "ಅಣ್ಣಾ, ಬೆಣೆ ಹೊಡೆದು ಶುರು ಮಾಡಿ" ಅಂತ ಹೇಳಲು ಸಂಕೋಚ ಬೇಡ.

ಒಮ್ಮೆ ಬಿಚ್ಚಿದ ಮೇಲೆ ಪ್ಲೇಟ್ ಒಂದನ್ನೇ ಬದಲಿಸಿ ಕಟ್ಟಬೇಡಿ. ರಿಲೀಸ್ ಬೇರಿಂಗ್, ಫ್ಲೈವೀಲ್ ನಡುವಿನ ಚಿಕ್ಕ ಬೇರಿಂಗ್, ಎಂಜಿನ್ ಹಿಂಬದಿಯ ಮತ್ತು ಗೇರ್ ಬಾಕ್ಸ್ ಮುಂಬದಿಯ ಆಯಿಲ್ ಸೀಲು ಕೂಡ ಆಗಲೇ ನೋಡಬೇಕು. ಹಳೆ ಪ್ಲೇಟಿನ ಮೇಲೆ ಎಣ್ಣೆ ಕಂಡರೆ ಸೀಲು ಬದಲಿಸದೆ ಹೊಸ ಪ್ಲೇಟ್ ಹಾಕುವುದು ದುಡ್ಡು ಸುಟ್ಟ ಹಾಗೆ. ರಿಲೀಸ್ ಬೇರಿಂಗ್ ಒತ್ತುವ ಕ್ಲಚ್ ಫಿಂಗರುಗಳ ಎತ್ತರ ಒಂದೇ ಸಮ ಇರಬೇಕು. ಒಂದು ಹೆಚ್ಚು ಒಂದು ಕಡಿಮೆಯಾದರೆ ಪ್ಲೇಟ್ ಓರೆಯಾಗಿ ಬಿಟ್ಟು, ಹೊಸ ಕ್ಲಚ್ಚಿನಲ್ಲೂ ಗರ್ರ್ ಮುಂದುವರಿಯುತ್ತದೆ.

## ಕೂಡಲೇ ಗಾಡಿ ನಿಲ್ಲಿಸಬೇಕಾದ ಲಕ್ಷಣಗಳು

- ಕ್ಲಚ್ ಪೂರ್ತಿ ತುಳಿದರೂ ಗೇರಿನಲ್ಲಿರುವ ಗಾಡಿ ತೆವಳುತ್ತದೆ.
- ನ್ಯೂಟ್ರಲ್ ಮಾಡಿದ್ದರೂ ಗಾಡಿ ಚಲಿಸುತ್ತದೆ.
- ಒಂದು ಗೇರಿನಲ್ಲಿ ಮಾತ್ರ ತಾಳ ಹಾಕಿದ ಹಾಗೆ ಟಕ್, ಟಕ್ ಅನ್ನುತ್ತದೆ. ಹಲ್ಲು ಮುರಿದಿರಬಹುದು, ಆ ಚೂರು ಇನ್ನೊಂದು ಗೇರಿಗೆ ಸಿಕ್ಕಿದರೆ ಹೌಸಿಂಗೇ ಸೀಳುತ್ತದೆ.
- ಕ್ಲಚ್ ಹೌಸಿಂಗಿನ ಕೆಳಗಿನ ತೂತಿನಿಂದ ಎಣ್ಣೆ ತೊಟ್ಟಿಕ್ಕುತ್ತದೆ, ಅಥವಾ ಸುಟ್ಟ ವಾಸನೆ ಬರುತ್ತದೆ.

## ಹಂತ 9: ಓಡಿಸಿ ನೋಡುವುದು

ಮೊದಲ ಓಟ ಖಾಲಿ ಗಾಡಿಯಲ್ಲಿ, ಸಮನಾದ ಬಯಲಿನಲ್ಲಿ. ಹಂತ 2ರ ಎರಡೂ ಪರೀಕ್ಷೆ ಮತ್ತೆ ಮಾಡಿ. ಆಮೇಲೆ ಒಂದೊಂದು ಗೇರಿನಲ್ಲೂ ಸ್ವಲ್ಪ ದೂರ ಓಡಿಸಿ, ಒಮ್ಮೆ ರೇಸ್ ಕೊಟ್ಟು ಒಮ್ಮೆ ಬಿಡಿ. ಜಾರುವ ಗೇರ್ ರೇಸ್ ಬಿಟ್ಟಾಗಲೂ ಜಾರುತ್ತದೆ, ಬರೀ ಎಳೆಯುವಾಗ ನೋಡಿದರೆ ತಪ್ಪಿಹೋಗುತ್ತದೆ. ಎಲ್ಲ ಸರಿ ಇದ್ದರೆ ಖಾಲಿ ಟ್ರೇಲರ್, ಮರುದಿನ ಲೋಡು.

ಹೊಸ ಪ್ಲೇಟ್ ಹಾಕಿಸಿದ್ದರೆ ಮೊದಲ 10 ಗಂಟೆ ಕೆಲಸವಾದ ಮೇಲೆ ಪೆಡಲ್ ಪ್ಲೇ ಮತ್ತೆ ಅಳೆಯಿರಿ. ಪ್ಲೇಟ್ ಕೂರುವಾಗ ಪ್ಲೇ ಸ್ವಲ್ಪ ಕಡಿಮೆಯಾಗುತ್ತದೆ. ಅಳತೆಯನ್ನು ದಿನಾಂಕದ ಜೊತೆ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿಡಿ. ಮುಂದಿನ ಸಲ ಗಾಡಿ ಓಡಿಸುವವರು ಬೇರೆಯವರಾದರೂ ಅದು ಕಣ್ಣಿಗೆ ಬೀಳುತ್ತದೆ.